ವಿಶಾಲಾಕ್ಷಿಯ ಹಳೇ ತುರ್ಕಿ

ಪಾರ್ಶ್ವವಾಯು ಹೊಡೆದು, ಎಚ್ಚರವಾದ ಮೇಲೆ ನನ್ನ ಹೆಂಡತಿ ವಿಶಾಲಾಕ್ಷಿಯ ಬಾಯಿಂದ ಬಂದ ಮೊದಲ ಮಾತು ಕನ್ನಡವಲ್ಲ, ಇಂಗ್ಲಿಷೂ ಅಲ್ಲ. 'ಸುವ್' ಅಂದಳು. ನರ್ಸು ದಿಂಬು ಎತ್ತಿದಳು, ಕಿಟಕಿಯ ಪರದೆ ಎಳೆದಳು, ಹೊದಿಕೆ ಸರಿಮಾಡಿದಳು. ಇವಳು ಮತ್ತೆ 'ಸುವ್, ಸುವ್' ಅಂದಳು. ಕೊನೆಗೆ ತುಟಿ ಒಣಗಿ ಬಿರುಕುಬಿಟ್ಟದ್ದು ಕಂಡು ನಾನೇ ಸ್ಪಂಜನ್ನು ನೀರಿನಲ್ಲಿ ಅದ್ದಿ ತುಟಿಗೆ ಹಚ್ಚಿದೆ. ಕಣ್ಣು ಮುಚ್ಚಿಕೊಂಡು ಚೀಪಿದಳು. ಸುವ್ ಅಂದರೆ ನೀರು ಅಂತ ಆಗ ತಿಳಿಯಿತು. ಈ ವಯಸ್ಸಿನಲ್ಲಿ ಹೊಸದಾಗಿ ಅಕ್ಷರಾಭ್ಯಾಸ, ಅದೂ ಆಸ್ಪತ್ರೆಯ ವಾರ್ಡಿನಲ್ಲಿ. ನನ್ನ ಕರ್ಮ.

ಡಾಕ್ಟರು ಹೇಳಿದ್ದು ಇಷ್ಟು. ಕನ್ನಡ, ಇಂಗ್ಲಿಷು ಎರಡೂ ಅವಳಿಗೆ ಅರ್ಥವಾಗುತ್ತವೆ, ಆದರೆ ನಾಲಗೆಗೆ ಬರುವುದಿಲ್ಲ. ಬರುವುದು ಅವಳು ದೊಡ್ಡವಳಾದ ಮೇಲೆ ಕಲಿತ ಭಾಷೆ ಮಾತ್ರ. ಹಾಗೂ ಆಗುವುದುಂಟಂತೆ, ಅಪರೂಪವಂತೆ. ಬಲಗೈ ಬಿದ್ದುಹೋಗಿತ್ತು, ಆದ್ದರಿಂದ ಬರೆದು ತೋರಿಸುವ ಹಾಗೂ ಇಲ್ಲ. ತಲೆಯಾಡಿಸು ಅಂದರೆ ಹೌದಿಗೂ ಅಲ್ಲಕ್ಕೂ ಒಂದೇ ತರ ಆಡುತ್ತಿತ್ತು. 'ಅಪರೂಪ' ಅಂದಾಗ ಆ ಡಾಕ್ಟರ ಕಣ್ಣು ಮಿಂಚಿದ್ದು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಮನೆ ಮುಳುಗಿದೆ, ಇವನಿಗೆ ಅಪರೂಪ!

ನಾವಿಬ್ಬರೂ ಕುಂದಾಪುರದ ಕಡೆಯವರು. ನಾನು ದೇವದಾಸ, ಅಡಿಗೆಯವನು. ಲಂಡನ್ನಿನ ಹೀಥ್ರೂ ಪಕ್ಕದಲ್ಲಿ ವಿಮಾನಗಳಿಗೆ ಊಟ ಕಟ್ಟಿ ಕಳಿಸುವ ದೊಡ್ಡ ಕಿಚನ್ ಒಂದರಲ್ಲಿ ಜೀವನವಿಡೀ ಬೇಯಿಸಿದೆ, ಬೆನ್ನು ಮುರಿದುಕೊಂಡು ರಿಟೈರ್ ಆದೆ. ಹೌನ್ಸ್ಲೋದಲ್ಲಿ ಮನೆ ಮಾಡಿದೆವು. ಮಕ್ಕಳಾಗಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ಒಂದು ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕಗಳಿಗೆ ಚೀಟಿ ಅಂಟಿಸುವ ಕೆಲಸ ಸಿಕ್ಕಿತು. ಯಾರೋ ಸತ್ತ ಪ್ರೊಫೆಸರರ ತುರ್ಕಿ ಪುಸ್ತಕಗಳು ಪೆಟ್ಟಿಗೆಗಟ್ಟಲೆ ಬಂದು ಬಿದ್ದಿದ್ದವು, ಜೋಡಿಸುವವರೇ ಇರಲಿಲ್ಲ. ಇವಳು ಲಿಪಿ ಕಲಿತಳು. ಲಿಪಿ ಆದ ಮೇಲೆ ಭಾಷೆ, ಭಾಷೆ ಆದ ಮೇಲೆ ಅದರ ಅಜ್ಜನ ಭಾಷೆ, ಮುತ್ತಜ್ಜನ ಭಾಷೆ. ಸಂಜೆ ಕ್ಲಾಸು, ಡಿಗ್ರಿ, ಡಾಕ್ಟರೇಟು ಎಲ್ಲ ಆಗಿ ಕೊನೆಗೆ ಅಲ್ಲೇ ಪಾಠ ಹೇಳುವ ಮೇಡಂ ಆದಳು. ತುರ್ಕಿಯ ಒಂದೊಂದು ಪದ ಸಾವಿರ ವರ್ಷದ ಹಿಂದೆ ಹೇಗಿತ್ತು, ಆಗ ಅದರ ಅರ್ಥ ಏನಿತ್ತು, ಎಲ್ಲಿಂದ ಬಂತು, ಇದೇ ಅವಳ ಉದ್ಯೋಗ. ಕಿಂಗ್ಸ್‌ಬರಿಯಲ್ಲಿ ಊರಿನವರು ಸೇರಿದಾಗಲೆಲ್ಲ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಿದ್ದರು, "ಅಲ್ಲ ಮಾರಾಯ್ರೆ, ನಮ್ ಕುಂದಾಪ್ರದ್ ಹೆಂಗ್ಸಿಗೆ ತುರ್ಕಿ ಎಂತಕ್ಕೆ?" ನಾನು ನಗುತ್ತಿದ್ದೆ. ಅವಳು ಉತ್ತರ ಕೊಡುತ್ತಿರಲಿಲ್ಲ, ಪಾಯಸ ಬಡಿಸಿಕೊಳ್ಳುತ್ತಿದ್ದಳು.

ಮನೆಯಲ್ಲಿ ಮಾತ್ರ ನನ್ನನ್ನು ಬಿಡುತ್ತಿರಲಿಲ್ಲ. ಕೆಲಸ ಮುಗಿಸಿ ಬಂದು ಸೋಫಾದ ಮೇಲೆ ಬಿದ್ದುಕೊಂಡರೆ ಎದುರಿಗೆ ಬಂದು ನಿಲ್ಲುತ್ತಿದ್ದಳು. "ಹ್ವಾಯ್, ನೀವ್ ದಿನಾ ಮಾಡೂ ಕುರ್ಮಾ ಇತ್ತಲ್ದಾ, ಅದ್ ತುರ್ಕಿ ಮಾತ್. ಹುರ್ದದ್ದ್ ಅಂತ ಅರ್ಥ. ನೀವ್ ಮಾಡೂದ್ ಎಂತ, ಬರೀ ನೀರ್!" ಅಂತ ಹೇಳಿ, ತಾನೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಾನು ಸಿಡುಕಿದರೆ ಇನ್ನೂ ಜಾಸ್ತಿ ನಗು. ಅಂಥ ಬಾಯಿ ಈಗ ಒಂದು ಕಡೆಗೆ ಜೋತುಬಿದ್ದು 'ಸುವ್' ಅನ್ನುತ್ತಿತ್ತು.

ನನಗೆ ಸಹಾಯಕ್ಕೆ ಸಿಕ್ಕಿದವಳು ಪ್ರತೀಕ್ಷಾ. ಬೆಂಗಳೂರಿನ ಹುಡುಗಿ, ವಿಶಾಲಾಕ್ಷಿಯ ಕೈಕೆಳಗೆ ಓದಿದ ಕೊನೆಯ ಬ್ಯಾಚಿನವಳು. ಈಗ ಅಕ್ಸ್‌ಬ್ರಿಡ್ಜಿನಲ್ಲಿ ಯಾವುದೋ ಆಫೀಸಿನಲ್ಲಿ ಕೆಲಸ. ಹಳೇ ತುರ್ಕಿ ಓದಿದವರಿಗೆ ಹಳೇ ತುರ್ಕಿಯಲ್ಲಿ ಕೆಲಸ ಯಾರು ಕೊಡುತ್ತಾರೆ? ಒಂದು ಶನಿವಾರ ಬಂದು ಮೇಡಂ ಪಕ್ಕ ಕೂತಳು. ಹೊರಗೆ ಬಂದಾಗ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಅಂಕಲ್, ಮೇಡಂ ತುರ್ಕಿನೇ ಮಾತಾಡ್ತಿರೋದು. ಆದ್ರೆ ಇವತ್ತಿನದಲ್ಲ. ಸಾವಿರ ವರ್ಷ ಹಳೇದು. ನಮಗೆ ಪಾಠ ಮಾಡ್ತಿದ್ರಲ್ಲ, ಅದೇ."

"ಹಾಂಗಾರೆ ಅರ್ಥ ಇತ್ತಾ ಅದಕ್ಕೆ?"

"ಪ್ರತಿಯೊಂದಕ್ಕೂ ಇದೆ ಅಂಕಲ್."

ಅವತ್ತಿನಿಂದ ನನ್ನ ಪಾಠ ಶುರುವಾಯಿತು. ವಿಶಾಲಾಕ್ಷಿ ಏನಾದರೂ ಅಂದರೆ ಫೋನು ಅವಳ ಬಾಯಿಯ ಹತ್ತಿರ ಹಿಡಿದು ಪ್ರತೀಕ್ಷಾಗೆ ಕಳಿಸುತ್ತಿದ್ದೆ. ಆ ಹುಡುಗಿ ಲಂಚ್ ಹೊತ್ತಿಗೆ ಉತ್ತರ ಕಳಿಸುತ್ತಿದ್ದಳು. ಎಲಿಗ್ ಅಂದರೆ ಕೈ. ಎತ್ಮೆಕ್ ಅಂದರೆ ರೊಟ್ಟಿ. ಬೇಡದ್ದಕ್ಕೆಲ್ಲ 'ಎರ್ಮೆಸ್', ಅಂದರೆ ಅಲ್ಲ. ಆಸ್ಪತ್ರೆಯ ಗಂಜಿ ಮುಂದಿಟ್ಟರೆ ಎರ್ಮೆಸ್, ಟಿವಿ ಹಾಕಿದರೆ ಎರ್ಮೆಸ್. ನನ್ನನ್ನು 'ಎರ್' ಅಂತ ಕರೆಯುತ್ತಿದ್ದಳು. ಗಂಡಸು, ಗಂಡ, ಎರಡೂ ಹೌದಂತೆ. ಬಸ್ಸಿನಲ್ಲಿ ಕೂತು ಇವನ್ನೆಲ್ಲ ಬಾಯಿಪಾಠ ಮಾಡುತ್ತಿದ್ದೆ. ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು. ಹೋಗಲಿ ಬಿಡಿ, ನನಗೂ ಕಾಲು ಚಾಚಲು ಜಾಗವಾಗುತ್ತಿತ್ತು.

ಸುಳ್ಳು ಯಾಕೆ ಹೇಳಲಿ, ಸುಸ್ತಾಗಿತ್ತು. ಬೆಳಿಗ್ಗೆ ಎದ್ದು ಗಂಜಿ ಮಾಡಿ ಡಬ್ಬಿಗೆ ಹಾಕಿಕೊಂಡು ಬಸ್ಸು ಹಿಡಿಯುವುದು, ತಿನ್ನಿಸುವುದು, ವಾಪಸು ಬರುವುದು, ಬಟ್ಟೆ ಒಗೆಯುವುದು, ಮತ್ತೆ ಬಸ್ಸು. ಬೆನ್ನು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಒಮ್ಮೊಮ್ಮೆ ಅವಳ ಹಾಸಿಗೆಯ ಪಕ್ಕ ಕುರ್ಚಿಯಲ್ಲಿ ಕೂತವನು ಕೂತಲ್ಲೇ ನಿದ್ದೆ ಹೋಗುತ್ತಿದ್ದೆ. ಕಣ್ಣು ಬಿಟ್ಟರೆ ಅವಳು ನನ್ನನ್ನೇ ನೋಡುತ್ತಿರುತ್ತಿದ್ದಳು. ಒಂದು ದಿನ ಚಮಚ ಬಾಯಿಗಿಡುವಾಗ ತೂಕಡಿಕೆ ಬಂದು ಗಂಜಿಯೆಲ್ಲ ಅವಳ ಎದೆಯ ಮೇಲೆ ಚೆಲ್ಲಿತು. ಒರೆಸುತ್ತಾ ನನ್ನನ್ನು ನಾನೇ ಬೈದುಕೊಂಡೆ. ಅವಳು ಎಡಗೈ ಎತ್ತಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ಬಿಡಿಸಿಕೊಂಡು ಹೊಸ ಬಟ್ಟೆ ತರಲು ಹೋದೆ.

ಆಮೇಲೆ ಕೌನ್ಸಿಲಿನವರು ಬಂದರು. ಸೋಶಿಯಲ್ ವರ್ಕರ್, ಕ್ಲೇರ್ ಅಂತ ಹೆಸರು. ಒಳ್ಳೆಯ ಹೆಂಗಸೇ, ನಿಧಾನವಾಗಿ ಬಿಡಿಸಿ ಹೇಳಿದಳು. ವಿಶಾಲಾಕ್ಷಿಯನ್ನು ಇನ್ನು ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಮನೆಗೆ ಹೋಗಬೇಕು, ಇಲ್ಲವೇ ಕೇರ್ ಹೋಮಿಗೆ. ತನ್ನ ನಿರ್ಧಾರ ತಾನೇ ಮಾಡಿ ಬಾಯಿಬಿಟ್ಟು ಹೇಳುವ ಶಕ್ತಿ ಅವಳಿಗೆ ಇದೆ ಅಂತ ಅಸೆಸ್‌ಮೆಂಟಿನಲ್ಲಿ ಗೊತ್ತಾದರೆ ಅವಳು ಹೇಳಿದ್ದೇ ಕೊನೆ. ಇಲ್ಲ ಅಂತಾದರೆ ಅವಳ ಹಿತ ನೋಡಿ ಅವರು ತೀರ್ಮಾನ ಮಾಡುತ್ತಾರೆ. ಮನೆಯಲ್ಲಿ ಮಲಗುವ ಕೋಣೆ, ಬಾತ್‌ರೂಮು ಎರಡೂ ಮೆಟ್ಟಿಲು ಹತ್ತಿ ಮೇಲೆ, ನೋಡಿಕೊಳ್ಳುವವನು ಮುದುಕ. ಅವರ ತೀರ್ಮಾನ ಏನಾಗುತ್ತದೆ ಅಂತ ನನಗೆ ಆಗಲೇ ಕಾಣುತ್ತಿತ್ತು.

"ಅವಳು ಮನೆಗೇ ಬರುತ್ತಾಳೆ," ಅಂದೆ.

"ಅದನ್ನು ಅವರೇ ಹೇಳಬೇಕಲ್ಲವೇ?" ಅಂದಳು ಕ್ಲೇರ್. ತುರ್ಕಿ ದುಭಾಷಿಯನ್ನು ಕರೆಸುತ್ತೇನೆ ಅಂದಳು. ನಾನು ಸರಿ ಅಂದೆ. ತುರ್ಕಿ ತುರ್ಕಿಯೇ ಅಲ್ಲವಾ ಅಂದುಕೊಂಡೆ, ದಡ್ಡ ಶಿಖಾಮಣಿ.

ದುಭಾಷಿಯಾಗಿ ಬಂದವನು ಎಮ್ರೆ, ಮೂವತ್ತರ ಆಸುಪಾಸಿನ ಹುಡುಗ, ಇಲ್ಲೇ ಉತ್ತರ ಲಂಡನ್ನಿನಲ್ಲಿ ಹುಟ್ಟಿ ಬೆಳೆದವನು. ಅವತ್ತು ವಾರ್ಡಿನಲ್ಲಿ ಚಳಿಯಿತ್ತು, ಯಾರೋ ಕಿಟಕಿ ತೆಗೆದಿಟ್ಟಿದ್ದರು. ನಿಮಗೆ ಈಗ ಏನು ಬೇಕು ಅಂತ ಕ್ಲೇರ್ ಕೇಳಿದಳು. ವಿಶಾಲಾಕ್ಷಿ ಸ್ಪಷ್ಟವಾಗಿ 'ತೋನ್' ಅಂದಳು. ಎಮ್ರೆಯ ಕಿವಿ ಕೆಂಪಾಯಿತು. ಇನ್ನೊಂದು ಸಲ ಕೇಳಿದ. ಇವಳು ಮತ್ತೆ ತೋನ್, ತೋನ್ ಅಂದಳು.

"ಅವರು... ಕ್ಷಮಿಸಿ, ಒಳಚಡ್ಡಿ ಕೇಳುತ್ತಿದ್ದಾರೆ," ಅಂದ ಇಂಗ್ಲಿಷಿನಲ್ಲಿ.

ಎದುರು ಹಾಸಿಗೆಯ ಮುದುಕಿ ಕಿಸಕ್ಕೆಂದು ನಕ್ಕಳು. ವಿಶಾಲಾಕ್ಷಿ ಅವಳನ್ನು ನೋಡಿದಳು, ಎಮ್ರೆಯನ್ನು ನೋಡಿದಳು, ಆಮೇಲೆ ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಎಲ್ಲಿರಲು ಇಷ್ಟ ಅಂತ ಕ್ಲೇರ್ ಕೇಳಿದರೂ ಬಾಯಿ ತೆರೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಏನೋ ನಾಲ್ಕು ಮಾತು ಗೊಣಗಿದಳು. ಎಮ್ರೆ ತಲೆಯಲ್ಲಾಡಿಸಿ, ಇದು ತುರ್ಕಿಯೇ ಅಲ್ಲ, ಚೂರುಪಾರು ಮಾತ್ರ ಹಾಗೆ ಕೇಳಿಸುತ್ತದೆ, ಉಳಿದದ್ದು ಅರ್ಥವಿಲ್ಲದ ಶಬ್ದ ಅಂದ. ಕ್ಲೇರ್ ಅದನ್ನೇ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿಕೊಂಡಳು.

ಅರ್ಥವಿಲ್ಲದ ಶಬ್ದ! ಯಾರ ಬಾಯಿಂದ ಬಂದದ್ದಕ್ಕೆ? ಪದದ ಅರ್ಥ ಹುಡುಕುತ್ತಾ ಕಣ್ಣು ಹಾಳುಮಾಡಿಕೊಂಡ ಹೆಂಗಸಿನ ಬಾಯಿಂದ. ಕಾರಿಡಾರಿನಲ್ಲಿ ನಿಂತು ಪ್ರತೀಕ್ಷಾಗೆ ಫೋನು ಮಾಡಿದೆ. ಅವಳು "ಅಯ್ಯೋ ಅಂಕಲ್, ತೋನ್ ಅಂದ್ರೆ ಆಗಿನ ಕಾಲದಲ್ಲಿ ಬಟ್ಟೆ, ಮೇಲಂಗಿ. ಈಗ ಅದೇ ಪದ ದೋನ್ ಆಗಿ ಒಳಚಡ್ಡಿ ಅನ್ನೋ ಅರ್ಥಕ್ಕೆ ಇಳಿದಿದೆ. ಮೇಡಂಗೆ ಚಳಿ ಆಗ್ತಿತ್ತು ಅಷ್ಟೇ," ಅಂದಳು. ನಾನು ಒಳಗೆ ಹೋಗಿ ವಿಶಾಲಾಕ್ಷಿಯ ಉಣ್ಣೆಯ ಕೋಟು ತೆಗೆದು ಹೊದಿಸಿದೆ. ಮುಖ ಈಚೆಗೆ ತಿರುಗಿತು. ಕಣ್ಣಲ್ಲಿ ನೀರಿತ್ತು. ಮೂವತ್ತು ಜನರೆದುರು ಪಾಠ ಮಾಡಿದವಳು, ಚಡ್ಡಿ ಕೇಳಿದಳು ಅಂತ ನಗೆಗೀಡಾಗಿದ್ದಳು.

ಕ್ಲೇರಳನ್ನು ಲಿಫ್ಟಿನ ಬಾಗಿಲಲ್ಲಿ ಹಿಡಿದೆ. ಕೂಗಾಡಿದೆ ಅಂತಲೇ ಹೇಳಬೇಕು. ನನ್ನ ಹೆಂಡತಿ ಹೇಳಿದ ಒಂದೊಂದು ಮಾತಿಗೂ ಅರ್ಥವಿದೆ, ನಿಮಗೆ ಗೊತ್ತಿಲ್ಲ ಅಂದಮಾತ್ರಕ್ಕೆ ಅವಳಿಗೆ ಬುದ್ಧಿಯಿಲ್ಲ ಅಂತ ಬರೆಯುತ್ತೀರಾ? ನಿಮ್ಮ ಇಂಗ್ಲಿಷರ ಸಾವಿರ ವರ್ಷದ ಹಿಂದಿನ ಮುದುಕಿ ಎದ್ದು ಬಂದು ಮಾತಾಡಿದರೆ ನಿಮಗೆ ಎಷ್ಟು ತಿಳಿಯುತ್ತದೆ ಹೇಳಿ! ಸೆಕ್ಯೂರಿಟಿಯವನು ಇತ್ತ ಬರತೊಡಗಿದ. ಕ್ಲೇರ್ ಅವನಿಗೆ ಬೇಡ ಅಂತ ಕೈ ಮಾಡಿ, ಮುಂದಿನ ವಾರ ಮತ್ತೊಮ್ಮೆ ಮಾಡೋಣ ಅಂದಳು. ಎಮ್ರೆಯೇ ಇರುತ್ತಾನೆ, ಪದಗಳ ಅರ್ಥ ಹೇಳಲು ನೀವೂ ಪಕ್ಕದಲ್ಲಿರಿ ಅಂತಲೂ ಹೇಳಿದಳು. ಪ್ರತೀಕ್ಷಾಗೆ ರಜೆ ಸಿಗಲಿಲ್ಲ. ನನಗೆ ಗೊತ್ತಿದ್ದಷ್ಟೇ ಗತಿ.

ಆ ವಾರವಿಡೀ ನಾನು ಪರೀಕ್ಷೆಗೆ ಓದುವವನ ಹಾಗೆ ಓದಿದೆ. ವಿಶಾಲಾಕ್ಷಿಗೂ ಹೇಳಿದೆ. "ಕಾಣ್, ಈ ಸಲ ಮಖ ತಿರ್ಗ್ಸಬೇಡ ಮಾರಾಯ್ತಿ. ಅವ್ರ್ ಕೇಂಡದ್ದಕ್ಕೆಲ್ಲ ಸರಿ ಉತ್ರ ಹೇಳ್. ನೀ ಹೇಳಿರೆ ಮನಿಗೆ ಹೋಪ. ನಾ ಎಲ್ಲ ಕಾಣ್ಕಂತೆ." ಅವಳು ನನ್ನನ್ನೇ ನೋಡುತ್ತಿದ್ದಳು. ಬೆನ್ನು ನೋವಿಗೆ ನಾನು ಮಂಚದ ಕಂಬಿ ಹಿಡಿದುಕೊಂಡು ನಿಂತಿದ್ದೆ.

ಎರಡನೇ ಸಲ ಎಮ್ರೆ ಬಂದಾಗ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡ. ಮನೆಗೆ ಹೋಗಿ ಅಪ್ಪನನ್ನು ಕೇಳಿದನಂತೆ, ಪುಸ್ತಕ ತೆಗೆದು ನೋಡಿದನಂತೆ. "ಅವರು ನನ್ನ ಭಾಷೆಯನ್ನು ನನಗಿಂತ ಚೆನ್ನಾಗಿ ಬಲ್ಲವರು. ತಪ್ಪಾಯಿತು ಅಂಕಲ್," ಅಂದ. ನೆಟ್ಟಗೆ ಹೋಗಿ ವಿಶಾಲಾಕ್ಷಿಗೂ ತುರ್ಕಿಯಲ್ಲಿ ಏನೋ ಹೇಳಿ ತಲೆಬಾಗಿದ. ಅವಳ ಬಾಯಿಯ ಒಂದು ಕೊನೆ ಸ್ವಲ್ಪ ಮೇಲಕ್ಕೆ ಹೋಯಿತು. ಅವನ ಮೇಲಿದ್ದ ನನ್ನ ಸಿಟ್ಟು ಅರ್ಧ ಇಳಿಯಿತು.

ಕ್ಲೇರ್ ಪ್ರಶ್ನೆ ಶುರುಮಾಡಿದಳು. ನಿಮಗೆ ಏನಾಗಿದೆ?

"ಅದಕ್ ಎಲಿಗ್ ಓಲುಗ್," ಅಂದಳು ವಿಶಾಲಾಕ್ಷಿ, ಒಂದೊಂದು ಪದಕ್ಕೂ ಉಸಿರು ತೆಗೆದುಕೊಂಡು.

ಎಮ್ರೆ ಹುಬ್ಬು ಗಂಟಿಕ್ಕಿದ. "ಅದಕ್ ಅಂದರೆ ದೇವರಿಗೆ ಹೇಳಿಕೊಳ್ಳುವ ಹರಕೆ..."

"ಹರಕೆ ಅಲ್ಲ, ಕಾಲು," ಅಂದೆ ನಾನು. "ಕಾಲು, ಕೈ, ಸತ್ತಿದೆ."

"ಅಯಕ್! ನಾವು ಅಯಕ್ ಅನ್ನುತ್ತೇವೆ!" ಅಂತ ಎಮ್ರೆ ಕುರ್ಚಿಯಿಂದ ಅರ್ಧ ಎದ್ದ. ಕ್ಲೇರ್ ನಕ್ಕಳು. ಬಲಗಾಲು, ಬಲಗೈ ಅಂತ ಅವಳಿಗೂ ಗೊತ್ತಿತ್ತಲ್ಲ, ಬರೆದುಕೊಂಡಳು. ಮನೆಯಲ್ಲಿ ನಿಮ್ಮ ಮಲಗುವ ಕೋಣೆ ಎಲ್ಲಿದೆ ಅಂತ ಕೇಳಿದಳು. ವಿಶಾಲಾಕ್ಷಿ 'ಯೊಕಾರು' ಅಂದಳು. ಇದಕ್ಕೆ ನಾನು ಬಾಯಿ ತೆರೆಯುವ ಮೊದಲೇ ಎಮ್ರೆ, "ಮೇಲೆ! ಮೇಲೆ ಅಂದರು," ಅಂತ ಕೂಗಿದ. ಮೆಟ್ಟಿಲು ಹತ್ತಬಲ್ಲಿರಾ? 'ಎರ್ಮೆಸ್.' ಅಲ್ಲ ಅಂತ ನಾನು ಹೇಳಿದೆ. ಹೀಗೇ ಒಂದರ ಮೇಲೊಂದು. ಕ್ಲೇರಳ ಮುಖ ನೋಡುತ್ತಿದ್ದೆ, ಬದಲಾಗುತ್ತಾ ಬಂತು. ಮೊದಲು ಕನಿಕರ ಇತ್ತು, ಈಗ ಎದುರಿಗೆ ಕೂತ ಒಬ್ಬ ವ್ಯಕ್ತಿಯ ಹತ್ತಿರ ಮಾತಾಡುವ ಮುಖ. ಗೆದ್ದೆವು ಕಣೇ, ಅಂದುಕೊಂಡೆ.

ಕೊನೆಗೆ ಕ್ಲೇರ್ ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು, ಮುಂದಕ್ಕೆ ಬಾಗಿ ಕೇಳಿದಳು. ಮನೆಗೆ ಹೋದರೆ ನಿಮ್ಮ ಗಂಡ ನಿಮ್ಮನ್ನು ನೋಡಿಕೊಳ್ಳುತ್ತಾರೆ, ದಿನಕ್ಕೆ ಸ್ವಲ್ಪ ಹೊತ್ತು ಕೇರರ್ ಬರುತ್ತಾರೆ. ಕೇರ್ ಹೋಮಿಗೆ ಹೋದರೆ ಅಲ್ಲಿ ಯಾವಾಗಲೂ ಜನರಿರುತ್ತಾರೆ, ಗಂಡ ದಿನಾ ಬಂದು ನೋಡಬಹುದು. ನಿಮಗೆ ಯಾವುದು ಬೇಕು?

ವಿಶಾಲಾಕ್ಷಿ ತಡಮಾಡಿದಳು. ನಾಲಗೆ ಹೊರಳಿಸಿಕೊಂಡಳು. ಆಮೇಲೆ ತೊದಲುತ್ತಾ, ಆದರೆ ನನಗೆ ಚೆನ್ನಾಗಿ ಕೇಳುವ ಹಾಗೆ ಹೇಳಿದಳು.

"ಎವ್ ಎರ್ಮೆಸ್. ಎರಿಮ್ ಆರ್ದಿ."

ಎಮ್ರೆ ಖುಷಿಯಲ್ಲಿ ಚಪ್ಪಾಳೆ ತಟ್ಟುವುದೊಂದು ಬಾಕಿ. "ಎವ್! ಮನೆ! ಇದು ಇವತ್ತಿಗೂ ಅದೇ ಪದ. ಮನೆ ಅಂದರು!" ಹಿಂದಿನ ಮಾತುಗಳು ಅವನ ಕಿವಿಗೆ ಬೀಳಲೇ ಇಲ್ಲ. ಕ್ಲೇರ್ ನಗುತ್ತಾ ಲ್ಯಾಪ್‌ಟಾಪನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು. "ನೀವು ಹೇಳಿದ್ದೇ ಸರಿ ಮಿಸ್ಟರ್ ದೇವದಾಸ. ಮನೆಗೇ."

ನಾನು ಸುಮ್ಮನಿದ್ದೆ. ಸುಮ್ಮನಿದ್ದರೆ ಸಾಕಿತ್ತು. ಸುಳ್ಳು ಹೇಳುವ ಅಗತ್ಯ ಕೂಡ ಇರಲಿಲ್ಲ. ಕ್ಲೇರ್ ಟೈಪ್ ಮಾಡಿ ಮುಗಿಸುತ್ತಿದ್ದಳು, ನಾಳೆಯೋ ನಾಡಿದ್ದೋ ಆಂಬುಲೆನ್ಸಿನಲ್ಲಿ ವಿಶಾಲಾಕ್ಷಿ ನಮ್ಮ ಮನೆಯ ಬಾಗಿಲಲ್ಲಿ ಇಳಿಯುತ್ತಿದ್ದಳು. ಆ ಕೋಣೆಯಲ್ಲಿ, ಆ ಆಸ್ಪತ್ರೆಯಲ್ಲಿ ಅವಳು ಏನೆಂದಳು ಅಂತ ಗೊತ್ತಿದ್ದವನು ನಾನೊಬ್ಬನೇ. ಮನೆ ಅಲ್ಲ. ಆರ್ದಿ ಕೂಡ ಗೊತ್ತಿತ್ತು. ಫಿಸಿಯೋದವರು ನಡೆಸಿ ತಂದು ಮಲಗಿಸಿದಾಗಲೆಲ್ಲ ತನ್ನ ಬಗ್ಗೆ ಹೇಳಿಕೊಳ್ಳುತ್ತಿದ್ದ ಮಾತು. ದಣಿಯುವುದು. ನನ್ನ ಗಂಡ ದಣಿದಿದ್ದಾನೆ.

ಅವಳ ಕಡೆ ತಿರುಗಿದೆ. ಅಳುತ್ತಿರಲಿಲ್ಲ, ಬೇಡಿಕೊಳ್ಳುತ್ತಲೂ ಇರಲಿಲ್ಲ. ಉತ್ತರ ಗೊತ್ತಿರುವ ವಿದ್ಯಾರ್ಥಿ ಬಾಯಿ ತೆರೆಯಲಿ ಅಂತ ಕಾಯುವ ಮೇಡಂ ಆಗಿ ಕೂತಿದ್ದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಎಂತ ಹೆಂಗ್ಸೇ ನೀನ್!" ಅಂದೆ ಕನ್ನಡದಲ್ಲಿ, ಅಷ್ಟೂ ಜನರ ಎದುರು. "ನಿನ್ ಮಾತಿಗೆ ಅರ್ಥ ಇತ್ತ್ ಅಂತ ನಾ ಊರೆಲ್ಲ ಬಡ್ಕಂಡದ್ದ್ ಇದ್ಕಾ? ನಾ ದಣ್ದದ್ದ್ ಅಂತ ನಿಂಗ್ ಯಾರ್ ಹೇಳ್ರ್? ನಾ ಹೇಳಿದ್ನಾ?"

ಎಮ್ರೆ ಗಾಬರಿಯಾಗಿ ಎದ್ದು ನಿಂತ. ಕ್ಲೇರಳ ಬೆರಳು ನಿಂತಿತು. ವಿಶಾಲಾಕ್ಷಿ ನಾನು ಕೂಗಿದ್ದಕ್ಕೆ ಹೆದರಲಿಲ್ಲ. ಎಡಗೈ ಚಾಚಿ ನನ್ನ ಅಂಗಿಯ ತುದಿ ಹಿಡಿದುಕೊಂಡು ಇನ್ನೊಂದು ಸಲ, ಮೊದಲಿಗಿಂತ ನಿಧಾನವಾಗಿ, ಅದನ್ನೇ ಹೇಳಿದಳು.

"ಎರಿಮ್ ಆರ್ದಿ."

"ಏನಾದರೂ ತಪ್ಪಾಯಿತಾ?" ಅಂತ ಕ್ಲೇರ್ ಕೇಳಿದಳು. ಪರದೆಯ ಮೇಲೆ 'ಹೋಮ್' ಅನ್ನುವ ಪದ ನನಗೆ ಇಲ್ಲಿಂದಲೇ ಕಾಣುತ್ತಿತ್ತು.

ಅವಳ ಮಾತನ್ನು ಆ ಹುಡುಗ ಗೊತ್ತಿಲ್ಲದೆ ತಪ್ಪು ತಿಳಿದಿದ್ದ. ನಾನು ಸುಮ್ಮನಿದ್ದರೆ ಗೊತ್ತಿದ್ದೂ ಅವಳ ಬಾಯಿ ಮುಚ್ಚಿದ ಹಾಗಾಗುತ್ತಿತ್ತು. ಆದರೂ ಖಾಲಿ ಮನೆ ಕಣ್ಣ ಮುಂದೆ ಬಂತು, ಸೋಫಾ ಬಂತು. ದೇವರಾಣೆಗೂ ನನಗೆ ಅವಳು ಮನೆಯಲ್ಲಿ ಬೇಕಿತ್ತು, ಮಾತಾಡದಿದ್ದರೂ, ಏಳದಿದ್ದರೂ.

"ಅಳಿಸಿ ಅದನ್ನು," ಅಂದೆ ಇಂಗ್ಲಿಷಿನಲ್ಲಿ. "ಅವಳು ಮನೆ ಬೇಡ ಅಂದಳು. ಯಾಕೆ ಅಂತಲೂ ಹೇಳಿದ್ದಾಳೆ. ನನ್ನ ಗಂಡನಿಗೆ ದಣಿವಾಗಿದೆ ಅಂದಳು. ಹಾಗೇ ಬರೆದುಕೊಳ್ಳಿ."

ಕ್ಲೇರ್ ನನ್ನ ಮುಖ ನೋಡಿದಳು. "ಖಚಿತವಾಗಿಯೂ?"

"ಅವಳಿಗೆ ಬುದ್ಧಿ ನೆಟ್ಟಗಿದೆ ಅಂತ ನಾನು ಹೇಳಲಿಲ್ಲವೇ ನಿಮಗೆ?" ಅಂದೆ.

ಕ್ಲೇರ್ ಅಳಿಸಿದಳು, ನಾನು ಹೇಳಿದ್ದನ್ನು ಬರೆದುಕೊಂಡಳು. ಎಮ್ರೆ ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ವಿಶಾಲಾಕ್ಷಿ ಇನ್ನೂ ನನ್ನ ಅಂಗಿ ಬಿಟ್ಟಿರಲಿಲ್ಲ, ಕೆಳಕ್ಕೆ ಎಳೆಯುತ್ತಿದ್ದಳು. ನಾನು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತುಕೊಂಡೆ. ಬೆನ್ನು ಒರಗಿಸಿದೆ. ಕೂತ ಮೇಲೆ ಗೊತ್ತಾಯಿತು, ನಾನು ಎಷ್ಟು ದಣಿದಿದ್ದೆ ಅಂತ.